ಯೀಸ್ಟ್ ಮಾಡುವ ಸೋಪು ನಿಜಕ್ಕೂ ರೋಗಾಣು ಕೊಲ್ಲುತ್ತದಾ? ನಮ್ಮ ತೌಡಿನೆಣ್ಣೆ, ಮೆಣಸಿನಕಾಯಿ, ದಾಳಿಂಬೆಗೆ ಇದರಿಂದ ಏನು ಉಪಯೋಗ?

ಸಿಂಧನೂರು ಸೂಕ್ಷ್ಮಜೀವಿ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ, ನೀವೂ ನೋಡಿರುತ್ತೀರಿ. ಬೇಕರಿ ಯೀಸ್ಟ್, ಸಕ್ಕರೆ, ಒಂದು ಬಟ್ಟಲು ಅಡುಗೆ ಎಣ್ಣೆ ನೀರಲ್ಲಿ ಕಲಸಿ ಮುಚ್ಚಿಟ್ಟರೆ ನೈಸರ್ಗಿಕ ಸೋಪು ರೆಡಿ, ಎಂಥಾ ರೋಗಾಣು ಇದ್ದರೂ ಸಾಯುತ್ತದೆ, ಗಾಯಕ್ಕೂ ಹಚ್ಚಿ, ಬೆಳೆಗೂ ಹೊಡೆಯಿರಿ ಅಂತ. ನಾನು ಓದಿದ್ದು ಮೈಕ್ರೋಬಯಾಲಜಿ. ಲ್ಯಾಬಿನಲ್ಲಿ ಕೆಲಸ ಮಾಡಿದ್ದೂ ಇದೇ ಯೀಸ್ಟ್ ಸೋಪಿನ ಮೇಲೆ. ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ. ಆ ಮೆಸೇಜಿನಲ್ಲಿ ಅರ್ಧ ನಿಜ ಇದೆ, ಮತ್ತು ಆ ಅರ್ಧ ನಮ್ಮ ಜಿಲ್ಲೆಗಳಿಗೆ ಬಹಳ ಬೇಕಾದ ವಿಷಯ. ಉಳಿದರ್ಧ ನಂಬಿ ಯಾರಾದರೂ ಗಾಯಕ್ಕೆ ಹಚ್ಚಿಕೊಂಡರೆ ಕಷ್ಟ.

ಮೊದಲು ನಿಜ ಹೇಳುತ್ತೇನೆ. ಕೆಲವು ಜಾತಿಯ ಯೀಸ್ಟ್‌ಗಳು ಸಕ್ಕರೆ ಮತ್ತು ಎಣ್ಣೆ ಎರಡನ್ನೂ ತಿಂದು, ಎರಡನ್ನೂ ಜೋಡಿಸಿದ ಒಂದು ವಸ್ತುವನ್ನು ಹೊರಗೆ ಬಿಡುತ್ತವೆ. ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ಸೋಪು, ಡಿಟರ್ಜೆಂಟ್ ಕೆಲಸ ಮಾಡುವುದೂ ಇದೇ ಗುಣದಿಂದ. ಇಂಥ ವಸ್ತುವಿಗೆ ಸರ್ಫ್ಯಾಕ್ಟಂಟ್ ಅಂತಾರೆ, ಜೀವಿಯಿಂದ ಬಂದರೆ ಬಯೋಸರ್ಫ್ಯಾಕ್ಟಂಟ್. ಯೀಸ್ಟ್ ಕಡೆಯಿಂದ ಬರುವವುಗಳಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಸೋಫೊರೋಲಿಪಿಡ್. ಎರಡು ಗ್ಲೂಕೋಸ್ ಸೇರಿದ ಸೋಫೊರೋಸ್ ಅನ್ನುವ ಸಕ್ಕರೆ ಒಂದು ಕಡೆ, ಎಣ್ಣೆಯಿಂದ ಬಂದ ಉದ್ದನೆಯ ಕೊಬ್ಬಿನಾಮ್ಲ ಇನ್ನೊಂದು ಕಡೆ. ಕೆನಡಾದ ವಿಜ್ಞಾನಿಗಳಾದ ಗೋರಿನ್, ಸ್ಪೆನ್ಸರ್, ಟಲ್ಲಾಕ್ 1961ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಇವತ್ತು ಎಲ್ಲರೂ ಬೆಳೆಸುವ ಯೀಸ್ಟ್ ಸ್ಟಾರ್ಮೆರೆಲ್ಲಾ ಬಾಂಬಿಕೋಲಾ. ಹಳೆಯ ಪುಸ್ತಕಗಳಲ್ಲಿ ಕ್ಯಾಂಡಿಡಾ ಬಾಂಬಿಕೋಲಾ ಅಂತ ಇರುತ್ತದೆ, ಎರಡೂ ಒಂದೇ. ಇದು ಸಿಕ್ಕಿದ್ದು ಬಂಬಲ್‌ಬೀ ಅನ್ನುವ ದಪ್ಪ ದುಂಬಿಯ ಜೇನಿನಲ್ಲಿ. ಜೇನು ಅಂದರೆ ಅಷ್ಟು ಸಕ್ಕರೆ ಇರುವ ಜಾಗ, ಅಲ್ಲಿ ಬದುಕಲು ಪೈಪೋಟಿ ಜೋರು. ಹೆಚ್ಚಾದ ಇಂಗಾಲವನ್ನು ಬೇರೆಯವರು ಸುಲಭಕ್ಕೆ ತಿನ್ನಲಾಗದ ರೂಪದಲ್ಲಿ ಹೊರಗೆ ಕೂಡಿಡುವುದು, ಜೊತೆಗೆ ಅಕ್ಕಪಕ್ಕದ ಸೂಕ್ಷ್ಮಜೀವಿಗಳನ್ನು ದೂರ ಇಡುವುದು, ಈ ಎರಡು ಲಾಭಕ್ಕೆ ಯೀಸ್ಟ್ ಇದನ್ನು ಮಾಡುತ್ತದೆ ಅನ್ನುವುದು ಈ ಕ್ಷೇತ್ರದವರ ವಿವರಣೆ.

ಈಗ ಸುಳ್ಳಿನ ಭಾಗ. ಬೇಕರಿ ಯೀಸ್ಟ್ ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೇ. ಅದಕ್ಕೆ ಸೋಫೊರೋಲಿಪಿಡ್ ಮಾಡುವ ಜೀನ್‌ಗಳೇ ಇಲ್ಲ. ಎಷ್ಟು ದಿನ ಇಟ್ಟರೂ ಬರಲ್ಲ. ಪ್ರಶ್ನೆ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಗಂಗಾವತಿ ಗೃಹಿಣಿ:

ಅಕ್ಕ, ನಾನು ಮನೆಯಲ್ಲಿ ಬಯೋ ಎಂಜೈಮ್ ಮಾಡುತ್ತೇನೆ. ನಿಂಬೆ, ಮೋಸಂಬಿ ಸಿಪ್ಪೆ 3 ಭಾಗ, ಬೆಲ್ಲ 1 ಭಾಗ, ನೀರು 10 ಭಾಗ, ಮೂರು ತಿಂಗಳು. ಬೇಗ ಆಗಲಿ ಅಂತ ಚಿಟಿಕೆ ಯೀಸ್ಟೂ ಹಾಕುತ್ತೇನೆ. ನೆಲ ಒರೆಸಿದರೆ ಚೆನ್ನಾಗಿ ಸ್ವಚ್ಛ ಆಗುತ್ತದೆ. ಹಾಗಾದರೆ ಅದರಲ್ಲಿ ಇರುವುದು ಯೀಸ್ಟ್ ಸೋಪು ಅಲ್ವಾ?

ಸಿಂಧನೂರು ಸೂಕ್ಷ್ಮಜೀವಿ:

ಅಲ್ಲ ತಂಗಿ. ನಿನ್ನ ಬಾಟಲಿಯಲ್ಲಿ ಯೀಸ್ಟ್ ಮೊದಲು ಬೆಲ್ಲವನ್ನು ಆಲ್ಕೋಹಾಲ್ ಮಾಡುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಕೊನೆಗೆ ಉಳಿಯುವುದು ವಿನೆಗರ್ ತರಹದ ಹುಳಿ ನೀರು, ಜೊತೆಗೆ ಸಿಪ್ಪೆಯ ಎಣ್ಣೆಯ ವಾಸನೆ. ಬೋರಿನ ನೀರಿನ ಬಿಳಿ ಕಲೆ ಹೋಗುವುದು ಆ ಹುಳಿಯಿಂದ. ನೆಲಕ್ಕೆ ಧಾರಾಳ ಬಳಸು, ತೊಂದರೆ ಇಲ್ಲ. ಆದರೆ ಕಲ್ಲಿನ ಕಡಪಾ ಕಟ್ಟೆ ಮೇಲೆ ಜಾಸ್ತಿ ಹೊತ್ತು ಬಿಡಬೇಡ, ಹುಳಿಗೆ ಅದು ಮಂಕಾಗುತ್ತದೆ.

ಬೇಕರಿ ಯೀಸ್ಟಿನ ಪರವಾಗಿಯೂ ಒಂದು ಮಾತು ಹೇಳಬೇಕು. ಅದರ ಕೋಶದ ಗೋಡೆಯಲ್ಲಿ ಮ್ಯಾನೋಪ್ರೋಟೀನ್ ಅಂತ ಇದೆ. ಅದನ್ನು ಬಿಡಿಸಿ ತೆಗೆದರೆ ಎಣ್ಣೆ ನೀರನ್ನು ಬೆರೆಸಿ ಹಿಡಿಯುತ್ತದೆ, 1988ರಲ್ಲೇ ಇದನ್ನು ತೋರಿಸಿದ್ದಾರೆ. ಆದರೆ ಅದು ದೊಡ್ಡ ಅಣು, ಬೆರೆಸುವುದಕ್ಕೆ ಸೈ. ರೋಗಾಣುವಿನ ಪೊರೆ ಒಡೆಯುವ ಕೆಲಸಕ್ಕೆ ಅದನ್ನು ನಂಬಲು ಆಗಲ್ಲ.

ಕುಷ್ಟಗಿ ದಾಳಿಂಬೆ:

ಮೇಡಂ, ನಮ್ಮದು ನೇರ ಪ್ರಶ್ನೆ. ದುಂಡಾಣು ಅಂಗಮಾರಿಗೆ ಇದು ಆಗುತ್ತದಾ ಇಲ್ವಾ? ನಮ್ಮ ಊರಲ್ಲಿ ಈ ರೋಗಕ್ಕೆ ಹೆದರಿ ತೋಟ ಕಿತ್ತವರು ಎಷ್ಟೋ ಜನ ಇದ್ದಾರೆ. ಹಣ್ಣಿನ ಮೇಲೆ ಎಣ್ಣೆ ಚುಕ್ಕಿ ಕಂಡ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲ್ಲ. ಸ್ಟ್ರೆಪ್ಟೋಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಹೊಡೆದೂ ಹೊಡೆದೂ ಸಾಕಾಗಿದೆ, ಮೊದಲಿನಷ್ಟು ಕೆಲಸವೂ ಮಾಡುತ್ತಿಲ್ಲ ಅನಿಸುತ್ತದೆ.

ಸಿಂಧನೂರು ಸೂಕ್ಷ್ಮಜೀವಿ:

ಅಣ್ಣಾ, ನಿಮಗೆ ಆಸೆ ಹುಟ್ಟಿಸಿ ಕೈಬಿಡಲು ಇಷ್ಟ ಇಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೋಫೊರೋಲಿಪಿಡ್ ಬ್ಯಾಕ್ಟೀರಿಯಾವನ್ನು ಮುಖ್ಯವಾಗಿ ಹೊಡೆಯುವುದು ಅದರ ಪೊರೆಯ ಮೇಲೆ. ಬ್ಯಾಕ್ಟೀರಿಯಾದ ಪೊರೆ ಕೊಬ್ಬಿನ ಅಣುಗಳಿಂದ ಆಗಿರುತ್ತದೆ. ಈ ವಸ್ತುವಿನ ಎಣ್ಣೆ ಇಷ್ಟಪಡುವ ತುದಿ ಆ ಪೊರೆಯೊಳಗೆ ನುಗ್ಗುತ್ತದೆ, ಪೊರೆ ಸಡಿಲ ಆಗುತ್ತದೆ, ಒಳಗಿನ ಲವಣ, ಪ್ರೋಟೀನು ಹೊರಗೆ ಸೋರುತ್ತದೆ. ಇದು ಸರಳವಾಗಿ ಹೇಳಿದ್ದು. ಆದರೆ ಎಲ್ಲಾ ಬ್ಯಾಕ್ಟೀರಿಯಾಗೂ ಹೊರಗವಚ ಒಂದೇ ತರಹ ಇರಲ್ಲ. ಗ್ರಾಂ ಪಾಸಿಟಿವ್ ಅನ್ನುವ ಗುಂಪಿಗೆ ಪೊರೆಯ ಹೊರಗೆ ಬರೀ ದಪ್ಪ ಗೋಡೆ, ಅದರಲ್ಲಿ ಸಂದು ಇರುತ್ತದೆ, ಸೋಫೊರೋಲಿಪಿಡ್ ದಾಟಿ ಹೋಗುತ್ತದೆ. ಹುಣ್ಣು ಕೀವು ಮಾಡುವ ಸ್ಟಫೈಲೊಕಾಕಸ್, ಮೊಡವೆಯಲ್ಲಿ ಇರುವ ಕ್ಯೂಟಿಬ್ಯಾಕ್ಟೀರಿಯಂ, ಬ್ಯಾಸಿಲಸ್, ಇವು ಈ ಗುಂಪು. ಲ್ಯಾಬಿನಲ್ಲಿ ಇವುಗಳ ಮೇಲೆ ಫಲಿತಾಂಶ ಚೆನ್ನಾಗಿ ಬಂದಿದೆ. ಗ್ರಾಂ ನೆಗೆಟಿವ್ ಗುಂಪಿಗೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಅದರ ಮೇಲ್ಭಾಗದಲ್ಲಿ ಲಿಪೊಪಾಲಿಸ್ಯಾಕರೈಡ್ ಅನ್ನುವ ಒತ್ತಾದ ಪದರ. ಅಲ್ಲಿಯೇ ಇದು ಬಹಳಷ್ಟು ತಡೆದು ನಿಲ್ಲುತ್ತದೆ. ನಿಮ್ಮ ದಾಳಿಂಬೆಯ ಶತ್ರು ಝಾಂಥೊಮೊನಾಸ್ ಈ ಎರಡನೇ ಗುಂಪಿನದು.

ಆದ್ದರಿಂದ ಬರೀ ಸೋಫೊರೋಲಿಪಿಡ್ ಹೊಡೆದು ಅಂಗಮಾರಿ ನಿಲ್ಲಿಸಬಹುದು ಅಂತ ಯಾರಾದರೂ ಬಾಟಲಿ ಮಾರಲು ಬಂದರೆ ಕೊಳ್ಳಬೇಡಿ. ನನಗೆ ಆಸೆ ಇರುವುದು ಬೇರೆ ದಾರಿಯಲ್ಲಿ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 2013ರಲ್ಲಿ ಸೋಫೊರೋಲಿಪಿಡನ್ನು ಆಂಟಿಬಯಾಟಿಕ್ ಜೊತೆಗೆ ಕೊಟ್ಟು ನೋಡಿದರು. ಸ್ಟಫೈಲೊಕಾಕಸ್ ಮೇಲೆ ಟೆಟ್ರಾಸೈಕ್ಲಿನ್, ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಮೇಲೆ ಸೆಫಾಕ್ಲೋರ್. ಎರಡೂ ಕಡೆ ಜೋಡಿ ಕೊಟ್ಟಾಗ ಪರಿಣಾಮ ಒಂಟಿಯಾಗಿ ಕೊಟ್ಟದ್ದಕ್ಕಿಂತ ಜಾಸ್ತಿ. ಇ. ಕೋಲೈ ಗ್ರಾಂ ನೆಗೆಟಿವ್ ಅನ್ನುವುದನ್ನು ಗಮನಿಸಿ. ಪೊರೆ ಸ್ವಲ್ಪ ಸಡಿಲ ಆದರೂ ಔಷಧಿ ಒಳಗೆ ಹೋಗಲು ದಾರಿ ಆಗುತ್ತದೆ. ದಾಳಿಂಬೆಯಲ್ಲೂ ಕಡಿಮೆ ಔಷಧಿಯಲ್ಲಿ ಕೆಲಸ ಆಗುವ ಹಾಗೆ ಇಂಥದ್ದನ್ನು ಪರೀಕ್ಷೆ ಮಾಡಬೇಕು. ಸೋಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ, ಅಂಥವರ ಮುಂದೆ ಬೆಳೆಗಾರರೇ ಗುಂಪಾಗಿ ಹೋಗಿ ಕೇಳಿದರೆ ಅದಕ್ಕೆ ತೂಕ ಇರುತ್ತದೆ. ಅಲ್ಲಿಯವರೆಗೆ ರೋಗದ ಕಡ್ಡಿ ಕತ್ತರಿಸಿ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಅದ್ದಿ ಶುದ್ಧ ಮಾಡುವುದು, ಇದನ್ನು ಬಿಡಬೇಡಿ.

ಇನ್ನೊಂದು. ನೀವು ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತೀರಿ ಅಲ್ವಾ? ಅದರಲ್ಲಿ ಸುಣ್ಣ ಇರುತ್ತದೆ. ನಾಳೆ ಯಾವುದೇ ಸೋಫೊರೋಲಿಪಿಡ್ ಸರಕು ಕೈಗೆ ಬಂದರೂ ಸುಣ್ಣದ ಜೊತೆ ಒಂದೇ ಟ್ಯಾಂಕಿಗೆ ಹಾಕಬಾರದು. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಕುಷ್ಟಗಿ ದಾಳಿಂಬೆ:

ಆಗಲ್ಲ ಅಂತ ನೇರವಾಗಿ ಹೇಳಿದ್ದು ಒಳ್ಳೆಯದಾಯಿತು ಮೇಡಂ. ಅಂಗಡಿಯಲ್ಲಿ ಕೇಳಿದರೆ ಎಲ್ಲದಕ್ಕೂ ಆಗುತ್ತದೆ ಅಂತಾರೆ. ಗುಂಪಾಗಿ ಹೋಗುವ ಮಾತು ನಮ್ಮ ಸಂಘದಲ್ಲಿ ಇಡುತ್ತೇನೆ.

ರಾಯಚೂರು ಕೆಮಿಸ್ಟ್ರಿ ಮೇಷ್ಟ್ರು:

ಒಳ್ಳೆಯ ಚರ್ಚೆ. ನಾನು ಪಿಯು ಮಕ್ಕಳಿಗೆ ಪಾಠ ಮಾಡುವವನು. ಸುಣ್ಣದ ಕಾರಣ ನಾನು ಹೇಳುತ್ತೇನೆ, ತಪ್ಪಿದ್ದರೆ ಮೇಡಂ ತಿದ್ದಲಿ.

ಸೋಫೊರೋಲಿಪಿಡ್‌ಗೆ ಎರಡು ರೂಪ. ಕೊಬ್ಬಿನಾಮ್ಲದ ಬಾಲ ಬಿಡಿಯಾಗಿ ಇದ್ದರೆ ಆಮ್ಲ ರೂಪ. ಬಾಲದ ತುದಿ ತಿರುಗಿ ಬಂದು ಸಕ್ಕರೆಗೆ ಅಂಟಿ ಉಂಗುರ ಆದರೆ ಲ್ಯಾಕ್ಟೋನ್ ರೂಪ. ಆಮ್ಲ ರೂಪ ನೀರಲ್ಲಿ ಚೆನ್ನಾಗಿ ಕರಗುತ್ತದೆ, ನೊರೆಯೂ ಅದಕ್ಕೇ ಜಾಸ್ತಿ. ಲ್ಯಾಕ್ಟೋನ್ ನೀರಲ್ಲಿ ಸರಿಯಾಗಿ ಕರಗಲ್ಲ, ಆದರೆ ರೋಗಾಣುಗಳ ಮೇಲೆ ಸಾಮಾನ್ಯವಾಗಿ ಅದರದ್ದೇ ಹೊಡೆತ ಜಾಸ್ತಿ. ಉಂಗುರ ಹಿಡಿದಿರುವುದು ಎಸ್ಟರ್ ಬಂಧದಿಂದ. ಎಸ್ಟರಿಗೆ ಕ್ಷಾರ ಸೇರಿದರೆ ಏನಾಗುತ್ತದೆ ಅಂತ ನನ್ನ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ, ಒಡೆಯುತ್ತದೆ. ಸುಣ್ಣ, ವಾಷಿಂಗ್ ಸೋಡಾ ಸೇರಿದರೆ ಉಂಗುರ ಬಿಚ್ಚಿ ಆಮ್ಲ ರೂಪಕ್ಕೆ ತಿರುಗುತ್ತದೆ. ರೋಗಾಣು ಕೊಲ್ಲಲಿ ಅಂತ ತಂದದ್ದು ಬರೀ ತೊಳೆಯುವ ವಸ್ತು ಆಗಿಬಿಡುತ್ತದೆ.

ಹನಿಯನ್ನು ಗುಂಡಗೆ ಹಿಡಿದಿಡುವ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸೋಫೊರೋಲಿಪಿಡ್ ಸ್ವಲ್ಪ ಸೇರಿದರೆ 35ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೆ ಬೇಕಾಗುವುದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಮಾತ್ರ.

ನಮ್ಮ ಕಡೆಗೆ ಇದರಲ್ಲಿ ಇನ್ನೊಂದು ಲಾಭ ಕಾಣುತ್ತದೆ. ರಾಯಚೂರು ಹಳ್ಳಿಗಳಲ್ಲಿ ಬೋರ್ ನೀರು ಎಷ್ಟು ಗಡಸು ಅಂದರೆ ಸೋಪು ಉಜ್ಜಿದರೆ ನೊರೆ ಬರುವ ಬದಲು ಬಿಳಿ ಜಿಡ್ಡು ಬರುತ್ತದೆ. ಸೋಪಿನ ಅಣುವಿಗೆ ಋಣ ವಿದ್ಯುತ್ ಅಂಶ ಇದೆ, ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಲ್ಯಾಕ್ಟೋನ್ ರೂಪಕ್ಕೆ ಆ ವಿದ್ಯುತ್ ಅಂಶವೇ ಇಲ್ಲ, ಕ್ಯಾಲ್ಸಿಯಂಗೆ ಹಿಡಿಯಲು ಏನೂ ಸಿಗಲ್ಲ.

ಸಿಂಧನೂರು ಸೂಕ್ಷ್ಮಜೀವಿ:

ತಿದ್ದುವುದು ಏನೂ ಇಲ್ಲ ಸರ್. ಒಂದು ಸೇರಿಸುತ್ತೇನೆ. ಯೀಸ್ಟ್ ಒಳಗೆ ಈ ಕೆಲಸ ಸಾಲಾಗಿ ನಡೆಯುತ್ತದೆ. ಮೊದಲು ಒಂದು ಎಂಜೈಮ್ ಕೊಬ್ಬಿನಾಮ್ಲದ ಬಾಲದ ಕೊನೆಯ ಹತ್ತಿರ ಆಕ್ಸಿಜನ್ ಹಾಕುತ್ತದೆ. ಆಮೇಲೆ ಒಂದು ಎಂಜೈಮ್ ಮೊದಲ ಗ್ಲೂಕೋಸ್, ಇನ್ನೊಂದು ಎಂಜೈಮ್ ಎರಡನೇ ಗ್ಲೂಕೋಸ್ ಅಂಟಿಸುತ್ತದೆ. ಉಂಗುರ ಆಗುವುದು ಮಾತ್ರ ಕೋಶದ ಹೊರಗೆ. ಅದಕ್ಕೇ ಬೇರೆ ಎಂಜೈಮ್, ಲ್ಯಾಕ್ಟೋನ್ ಎಸ್ಟರೇಸ್. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಈ ಜೀನ್‌ಗಳನ್ನು ಹುಡುಕಿ, ಎಸ್ಟರೇಸ್ ತೆಗೆದು ಹಾಕಿದರೆ ಬರೀ ಆಮ್ಲ ರೂಪ, ಜಾಸ್ತಿ ಮಾಡಿದರೆ ಲ್ಯಾಕ್ಟೋನ್ ರೂಪ ಬರುವ ತಳಿಗಳನ್ನೇ ಮಾಡಿದ್ದಾರೆ. ತೊಳೆಯಲು ಬೇಕಾದ್ದು ಬೇರೆ, ಕೊಲ್ಲಲು ಬೇಕಾದ್ದು ಬೇರೆ ಅಂತ ಆರಿಸಿಕೊಳ್ಳುವುದು ಇದರಿಂದ ಸಾಧ್ಯ ಆಯಿತು. ಹಾಗಾಗಿ ಯಾರಾದರೂ 'ಸೋಫೊರೋಲಿಪಿಡ್ ರೋಗಾಣು ಕೊಲ್ಲುತ್ತದೆ' ಅಂದರೆ ನೀವು ಕೇಳಬೇಕಾದ ಪ್ರಶ್ನೆ: ಯಾವ ರೂಪ, ಯಾವ ರೋಗಾಣು, ಎಷ್ಟು ಪ್ರಮಾಣ?

ಲಿಂಗಸುಗೂರು ಸಿಸ್ಟರ್:

ನಾನು ನರ್ಸ್. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ದಿನಾ ನೋಡುತ್ತೇನೆ. ಮನೆಯಲ್ಲಿ ಏನೇನೋ ಹಚ್ಚಿಕೊಂಡು ಬರುತ್ತಾರೆ, ಅರಿಶಿನದಿಂದ ಹಿಡಿದು ಬ್ಯಾಟರಿ ಪುಡಿಯವರೆಗೆ. ಈ ಯೀಸ್ಟ್ ಮೆಸೇಜ್ ತೋರಿಸಿ ಒಬ್ಬ ಅಜ್ಜಿಯ ಮಗ ನನ್ನನ್ನು ಕೇಳಿದ. ಅವರಿಗೆ ಒಂದೇ ಮಾತಲ್ಲಿ ಏನು ಹೇಳಲಿ?

ಸಿಂಧನೂರು ಸೂಕ್ಷ್ಮಜೀವಿ:

ಒಂದೇ ಮಾತು: ಹಚ್ಚಬೇಡಿ. ಮನೆಯಲ್ಲಿ ಕಲಸಿದ ಆ ನೀರಲ್ಲಿ ಸೋಫೊರೋಲಿಪಿಡ್ ಇರಲ್ಲ. ಸಕ್ಕರೆ, ಎಣ್ಣೆ, ಯೀಸ್ಟ್, ಜೊತೆಗೆ ಕೈಯಿಂದ, ಡಬ್ಬಿಯಿಂದ ಬಂದ ನೂರೆಂಟು ಬ್ಯಾಕ್ಟೀರಿಯಾ ಇರುತ್ತವೆ. ತೆರೆದ ಗಾಯಕ್ಕೆ ಅದಕ್ಕಿಂತ ಕೆಟ್ಟದ್ದು ಬೇಡ.

ನಿಮಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ ಸಿಸ್ಟರ್. ಶುದ್ಧ ಸೋಫೊರೋಲಿಪಿಡ್ ಇಟ್ಟುಕೊಂಡು ಇಲಿಗಳ ಗಾಯದ ಮೇಲೆ ನೋಡಿದ ಅಧ್ಯಯನಗಳು ಇವೆ. ಗಾಯದ ಮೇಲೆ ಬ್ಯಾಕ್ಟೀರಿಯಾ ಕಟ್ಟುವ ಲೋಳೆ ಪದರ, ಬಯೋಫಿಲ್ಮ್ ಅಂತೀರಲ್ಲ, ಅದನ್ನು ಬಿಡಿಸುವ ಗುಣ ಇದಕ್ಕೆ ಇರುವುದು ಲ್ಯಾಬಿನಲ್ಲಿ ಕಂಡಿದೆ. ಬಯೋಫಿಲ್ಮ್ ಒಳಗೆ ಕೂತ ಬ್ಯಾಕ್ಟೀರಿಯಾಗೆ ಔಷಧಿ ತಲುಪುವುದೇ ಕಷ್ಟ, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ. ಆದರೆ ಬ್ಯಾಕ್ಟೀರಿಯಾದ ಪೊರೆ ಸಡಿಲ ಮಾಡುವ ವಸ್ತು ನಮ್ಮ ಕೆಂಪು ರಕ್ತಕಣದ ಪೊರೆಯನ್ನೂ ಬಿಡಲ್ಲ, ಪ್ರಮಾಣ ಜಾಸ್ತಿ ಆದರೆ ರಕ್ತಕಣ ಒಡೆಯುತ್ತದೆ. ರಕ್ತಕ್ಕೆ ಕೊಡುವ ಔಷಧಿಯಾಗಿ ಇದನ್ನು ನೋಡಬಾರದು. ಚರ್ಮದ ಮೇಲೆ, ಪಾತ್ರೆಯ ಮೇಲೆ, ಎಲೆಯ ಮೇಲೆ, ಅಲ್ಲಿ ಇದಕ್ಕೆ ಜಾಗ.

ಲಿಂಗಸುಗೂರು ಸಿಸ್ಟರ್:

ಸಾಕು ಅಕ್ಕ, ಇಷ್ಟು ಗೊತ್ತಿದ್ದರೆ ಧೈರ್ಯವಾಗಿ ಬೇಡ ಅನ್ನಬಹುದು.

ಸಿರುಗುಪ್ಪ ಮೆಣಸಿನಕಾಯಿ:

ನನ್ನ ಕಷ್ಟ ಬೇರೆ. ಬ್ಯಾಡಗಿ ಹಾಕುತ್ತೇನೆ. 2021-22ರಲ್ಲಿ ಕಪ್ಪು ಥ್ರಿಪ್ಸ್ ಅನ್ನುವ ಸಣ್ಣ ಕೀಟ ಬಂದಾಗ ಹೂವೆಲ್ಲಾ ಉದುರಿ, ಹೊಡೆದ ಔಷಧಿಗೆ ಲೆಕ್ಕವೇ ಇರಲಿಲ್ಲ. ಆಗಿನಿಂದ ನಾನು ಗಮನಿಸಿದ್ದು, ಔಷಧಿ ಎಷ್ಟು ಒಳ್ಳೆಯದಾದರೂ ಎಲೆ ಮೇಲೆ ನಿಲ್ಲದಿದ್ದರೆ ದುಡ್ಡು ಮಣ್ಣಿಗೆ. ಅದಕ್ಕೆ ಎಲ್ಲರೂ ಗಮ್ ಹಾಕುತ್ತೇವೆ, ಬೇವಿನ ಬೀಜದ ಕಷಾಯಕ್ಕೆ ಸೋಪಿನ ಪುಡಿ ಹಾಕುತ್ತೇವೆ. ಈ ಯೀಸ್ಟ್ ಸೋಪು ಗಮ್ ಬದಲಿಗೆ ಆಗುತ್ತದಾ? ಹಣ್ಣು ಕೊಳೆ, ಬೂದಿ ರೋಗಕ್ಕೂ ಏನಾದರೂ ಮಾಡಿದರೆ ಎರಡು ಕೆಲಸ ಒಂದರಲ್ಲೇ ಆಗುತ್ತದಲ್ಲ.

ಸಿಂಧನೂರು ಸೂಕ್ಷ್ಮಜೀವಿ:

ಅಣ್ಣಾ, ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ನೀವು ಕೇಳಿದ ಈ ಜಾಗದಲ್ಲೇ.

ಒಂದು ಈರುಳ್ಳಿ ಗರಿ ಅಥವಾ ಎಲೆಕೋಸಿನ ಎಲೆ ತಗೊಳ್ಳಿ. ಮೇಲೆ ಬೂದಿ ಬಣ್ಣದ ಮೇಣ ಇರುತ್ತದಲ್ಲ, ಅದನ್ನು ಒರೆಸಬೇಡಿ. ಬರೀ ನೀರಿನ ಒಂದು ಹನಿ ಬಿಡಿ. ಹನಿ ಗುಂಡಗೆ ನಿಲ್ಲುತ್ತದೆ, ಎಲೆ ಸ್ವಲ್ಪ ಓರೆ ಮಾಡಿದರೆ ಉರುಳಿ ಬೀಳುತ್ತದೆ, ಬಿದ್ದ ಜಾಗ ಒದ್ದೆಯೂ ಆಗಿರಲ್ಲ. ಅದೇ ಹನಿಯಲ್ಲಿ ಸೋಫೊರೋಲಿಪಿಡ್ ಇದ್ದರೆ ಗುಂಡು ಕುಸಿಯುತ್ತದೆ, ಅಂಚು ಹರಡಿಕೊಂಡು ಚಪ್ಪಟೆ ಆಗುತ್ತದೆ, ಓರೆ ಮಾಡಿದರೂ ಜಾಗ ಬಿಡಲ್ಲ. ಲ್ಯಾಬಿನಲ್ಲಿ ನಾವು ಮೊದಲು ಮಾಡುವ ಪರೀಕ್ಷೆಯೂ ಹನಿ ಕುಸಿಯುವುದನ್ನು ನೋಡುವುದೇ. ಆದರೆ ಇದು ಯಾವ ಸೋಪು ಹಾಕಿದರೂ ಆಗುತ್ತದೆ. ಆದ್ದರಿಂದ ಹನಿ ಹರಡಿತು ಅಂದ ಮಾತ್ರಕ್ಕೆ ಬಾಟಲಿಯಲ್ಲಿ ಯೀಸ್ಟ್ ಸೋಪು ಇದೆ ಅಂತ ಅಲ್ಲ, ಮಾರುವವರು ಇದನ್ನು ತೋರಿಸಿದರೆ ಮರುಳಾಗಬೇಡಿ.

ಶಿಲೀಂಧ್ರದ ವಿಷಯಕ್ಕೆ ಬಂದರೆ, ಹಣ್ಣು ಕೊಳೆ ಮಾಡುವ ಕೊಲೆಟೋಟ್ರೈಕಂ ಗುಂಪು, ಬೋಟ್ರೈಟಿಸ್, ಜೊತೆಗೆ ಶಿಲೀಂಧ್ರದ ಹಾಗೇ ಕಾಣುವ ಪಿಥಿಯಂ, ಫೈಟಾಪ್ಥೊರಾ, ಇವುಗಳ ಮೇಲೆ ಸೋಫೊರೋಲಿಪಿಡ್ ಪರೀಕ್ಷೆ ಆಗಿದೆ, ಬೀಜಕ ಮೊಳೆಯುವುದು, ಎಳೆ ಬೆಳೆಯುವುದು ತಗ್ಗುತ್ತದೆ. ಬೂದಿ ರೋಗಕ್ಕೆ ಇದಕ್ಕಿಂತ ಹತ್ತಿರದ ನೆಂಟರು ಇದ್ದಾರೆ. ಸೂಡೋಝೈಮಾ ಅನ್ನುವ ಯೀಸ್ಟ್ ತರಹದ ಶಿಲೀಂಧ್ರಗಳು. ಇವು ಹೆಚ್ಚಾಗಿ ಗಿಡದ ಎಲೆಯ ಮೇಲೆ ಬದುಕುತ್ತವೆ. ಅವುಗಳಲ್ಲಿ ಒಂದು ಜಾತಿ ಫ್ಲಾಕುಲೋಸಿನ್ ಅನ್ನುವ ಸರ್ಫ್ಯಾಕ್ಟಂಟ್ ಮಾಡುತ್ತದೆ, ಅದನ್ನು ಕೆನಡಾದಲ್ಲಿ ಬೂದಿ ರೋಗದ ಮೇಲೆ ಬಳಸಲು ಅಭಿವೃದ್ಧಿ ಮಾಡಿದರು. ಇನ್ನೊಂದು ಜಾತಿ ಮೊದಲು ಸಿಕ್ಕಿದ್ದು ಅಂಟಾರ್ಕ್ಟಿಕಾದ ವಾಂಡಾ ಸರೋವರದ ಕೆಸರಿನಲ್ಲಿ. ಅದು ಮಾಡುವುದು ಮ್ಯಾನೊಸಿಲ್ ಎರಿಥ್ರಿಟಾಲ್ ಲಿಪಿಡ್, ಚಿಕ್ಕದಾಗಿ ಮೆಲ್ ಅಂತಾರೆ. ಮೆಲ್‌ಗೆ ಎಲೆಯ ಮೇಣದ ಮೇಲೆ ಹರಡುವ ಶಕ್ತಿ ಚೆನ್ನಾಗಿದೆ, ಗೋಧಿಯ ಬೂದಿ ರೋಗ ತಗ್ಗಿಸಿದ್ದನ್ನು ಜಪಾನಿನವರು ತೋರಿಸಿದ್ದಾರೆ. ಮುಸುಕಿನ ಜೋಳಕ್ಕೆ ಬರುವ ಕಾಡಿಗೆ ರೋಗ ಗೊತ್ತಲ್ಲ, ಆ ಶಿಲೀಂಧ್ರವೂ ಯೀಸ್ಟ್ ರೂಪದಲ್ಲಿ ಬೆಳೆದಾಗ ಇಂಥದ್ದೇ ಎರಡು ಬಗೆಯ ಸರ್ಫ್ಯಾಕ್ಟಂಟ್ ಮಾಡುತ್ತದೆ. ರೋಗ ತರುವ ಜೀವಿಯೇ ಇನ್ನೊಂದು ರೋಗಕ್ಕೆ ಮದ್ದಿನ ಮೂಲ ಆಗಬಹುದು ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಆದರೆ ಥ್ರಿಪ್ಸ್‌ಗೆ ಇದು ಔಷಧಿ ಅಂತ ನಾನು ಹೇಳಲ್ಲ. ಮತ್ತೆ, ರೋಗಕ್ಕೆ ಔಷಧಿ ಅಂತ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯ ಕೆಳಗೆ ನೋಂದಣಿ ಬೇಕು. ಬಾಟಲಿ ಮೇಲೆ ನೋಂದಣಿ ಸಂಖ್ಯೆ ಇಲ್ಲದೆ 'ಜೈವಿಕ' ಅಂತ ದೊಡ್ಡ ಅಕ್ಷರ ಇದ್ದರೆ ವಾಪಸ್ ಕೊಡಿ. ಜೈವಿಕ ಅನ್ನುವ ಹೆಸರಲ್ಲಿ ನಮ್ಮ ರೈತರಿಗೆ ಎಷ್ಟು ಬಣ್ಣದ ನೀರು ಮಾರಿದ್ದಾರೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಬಳ್ಳಾರಿ ಜೀನ್ಸ್:

ನಾನು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡುವವನು. ದಿನಾ ಕೈ ಡಿಟರ್ಜೆಂಟ್‌ನಲ್ಲೇ ಇರುತ್ತದೆ, ಬೆರಳ ಸಂದು ಸೀಳಿದೆ. ಹಿಂದಿನ ಚರಂಡಿಯಲ್ಲಿ ನೀಲಿ ನೊರೆ ಮೊಣಕಾಲುದ್ದ ನಿಲ್ಲುತ್ತದೆ. ಈ ಯೀಸ್ಟ್ ಸೋಪು ಬಂದರೆ ನಮ್ಮ ಕೈಗೂ ಚರಂಡಿಗೂ ಒಳ್ಳೆಯದಾಗುತ್ತದಾ?

ಸಿಂಧನೂರು ಸೂಕ್ಷ್ಮಜೀವಿ:

ತಮ್ಮಾ, ನೊರೆ ಕಡಿಮೆ ಆಗಬಹುದು. ಸೋಫೊರೋಲಿಪಿಡ್ ಅಷ್ಟು ನೊರೆ ಕೊಡುವ ವಸ್ತು ಅಲ್ಲ, ಮಣ್ಣಿಗೆ, ನೀರಿಗೆ ಸೇರಿದರೆ ಬ್ಯಾಕ್ಟೀರಿಯಾ ಬೇಗ ತಿಂದು ಮುಗಿಸುತ್ತವೆ, ಚರ್ಮಕ್ಕೂ ಮೆದು. ಜಪಾನಿನ ಸರಾಯಾ ಕಂಪನಿ ಇದನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಹಾಕಿ ಮಾರುತ್ತಿದೆ, ಜರ್ಮನಿಯ ಎವೊನಿಕ್ ಕೂಡ ಬಯೋಸರ್ಫ್ಯಾಕ್ಟಂಟ್ ತಯಾರಿಸುತ್ತದೆ. ಅಂದರೆ ತೊಳೆಯುವ ಕೆಲಸ ಆಗುತ್ತದೆ ಅನ್ನುವುದು ಮಾರುಕಟ್ಟೆಯಲ್ಲಿ ನಿಂತ ಮಾತು.

ಆದರೆ ನಿಮ್ಮ ಚರಂಡಿಯ ನೀಲಿ ಬಣ್ಣ ಇಂಡಿಗೋದ್ದು. ಜೊತೆಗೆ ಪೊಟ್ಯಾಸಿಯಂ ಪರ್ಮಾಂಗನೇಟ್, ಬ್ಲೀಚ್. ಸೋಪು ಬದಲಾಯಿಸಿದರೆ ಇವು ಹೋಗಲ್ಲ. ಅದಕ್ಕೆ ನೀರು ಶುದ್ಧ ಮಾಡುವ ಘಟಕವೇ ಬೇಕು, ಅದನ್ನು ಬಿಟ್ಟು ಸೋಪಿನ ಮೇಲೆ ಭಾರ ಹಾಕಿದರೆ ಮಾಲೀಕರು ತಪ್ಪಿಸಿಕೊಳ್ಳಲು ದಾರಿ ಆಗುತ್ತದೆ. ಕೈಗೆ ಇವತ್ತೇ ಆಗುವ ಕೆಲಸ ಉದ್ದ ರಬ್ಬರ್ ಗ್ಲೌಸ್. ಕೇಳಿ ತಗೊಳ್ಳಿ, ಅದು ನಿಮ್ಮ ಹಕ್ಕು. ಸೀಳು ಜಾಸ್ತಿ ಆದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಕಾರಟಗಿ ತೌಡಿನೆಣ್ಣೆ:

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ಕುಟುಂಬದ್ದು ಅಕ್ಕಿ ಗಿರಣಿ, ತೌಡು ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಕಾರಟಗಿ, ಗಂಗಾವತಿ, ಸಿಂಧನೂರಲ್ಲಿ ತೌಡಿಗೆ ಬರ ಇಲ್ಲ. ಆದರೆ ತೌಡು ಒಂದೆರಡು ದಿನ ಬಿದ್ದರೂ ಎಣ್ಣೆಯ ಹುಳಿ ಏರುತ್ತದೆ, ರೇಟು ಬೀಳುತ್ತದೆ. ಇಂಥ ಎಣ್ಣೆಯನ್ನು ನಿಮ್ಮ ಯೀಸ್ಟ್ ತಿನ್ನುತ್ತದಾ? ಮತ್ತೆ ಇದನ್ನು ಹೇಗೆ ಮಾಡುತ್ತಾರೆ, ಒಂದು ಘಟಕ ಹಾಕಬಹುದಾ? ಲೆಕ್ಕ ತಿಳಿಯಬೇಕು.

ಸಿಂಧನೂರು ಸೂಕ್ಷ್ಮಜೀವಿ:

ನಾನು ಈ ಚರ್ಚೆ ಶುರು ಮಾಡಿದಾಗ ಯಾರಾದರೂ ಗಿರಣಿಯವರು ಬರಲಿ ಅಂತ ಆಸೆ ಇತ್ತು.

ತಿನ್ನುತ್ತದೆ. ತೌಡಿನಲ್ಲಿ ಲೈಪೇಸ್ ಅನ್ನುವ ಎಂಜೈಮ್ ಇದೆ, ಅಕ್ಕಿ ಪಾಲಿಶ್ ಆದ ಕೂಡಲೇ ಅದು ಎಣ್ಣೆಯನ್ನು ಒಡೆದು ಬಿಡಿ ಕೊಬ್ಬಿನಾಮ್ಲ ಮಾಡಲು ಶುರು ಮಾಡುತ್ತದೆ. ತಿನ್ನುವ ಎಣ್ಣೆಗೆ ಅದು ದೋಷ. ನಮ್ಮ ಯೀಸ್ಟಿಗೆ ಹೇಗಿದ್ದರೂ ಬೇಕಾಗುವುದು ಕೊಬ್ಬಿನಾಮ್ಲವೇ. ಅದರಲ್ಲೂ ಒಲಿಯಿಕ್ ಆಮ್ಲ ಅಂದರೆ ಇದಕ್ಕೆ ಇಷ್ಟ, ತೌಡಿನೆಣ್ಣೆಯಲ್ಲಿ ಅದು ಸುಮಾರು 40% ಇರುತ್ತದೆ. ಸಕ್ಕರೆಗೆ ಕಾಕಂಬಿ ಆಗುತ್ತದೆ, ಗುವಾಹಟಿಯ ಐಐಟಿಯವರು 2009ರಲ್ಲೇ ಕಬ್ಬಿನ ಕಾಕಂಬಿ ಮತ್ತು ಎಣ್ಣೆ ಇಟ್ಟು ಮಾಡಿ ತೋರಿಸಿದ್ದಾರೆ. ಮಿರ್ಚಿ ಕರಿದು ಕಪ್ಪಾದ ಎಣ್ಣೆಯೂ ಆಗುತ್ತದೆ. ಪದೇ ಪದೇ ಕಾಯಿಸಿದಾಗ ಏರುವ ಒಟ್ಟು ಪೋಲಾರ್ ಅಂಶ 25% ಮೀರಿದ ಎಣ್ಣೆಯಲ್ಲಿ ಮತ್ತೆ ಅಡುಗೆ ಮಾಡಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಇದೆ. ಆ ಎಣ್ಣೆ ಎಲ್ಲಿಗೋ ಹೋಗಬೇಕಲ್ಲ. ಆದರೆ ಅಂಥ ಎಣ್ಣೆಯಿಂದ ಬಂದದ್ದು ನೆಲ, ಯಂತ್ರ ತೊಳೆಯಲು ಸರಿ, ಮುಖಕ್ಕೆ ಹಚ್ಚುವ ಕ್ರೀಮಿಗೆ ಬೇಡ.

ಮಾಡುವ ಬಗೆ ಹೇಳುತ್ತೇನೆ. ಲ್ಯಾಬಿನಲ್ಲಿ ಲೀಟರಿಗೆ 100 ಗ್ರಾಂ ಗ್ಲೂಕೋಸ್, ಹತ್ತಿರ ಅಷ್ಟೇ ಎಣ್ಣೆ, 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 1 ಗ್ರಾಂ ಯೂರಿಯಾ. ಸಾರಜನಕ ಬೇಕಂತಲೇ ಕಡಿಮೆ ಇಡುತ್ತಾರೆ. ಮೊದಲ ಒಂದೆರಡು ದಿನ ಯೀಸ್ಟ್ ಬರೀ ಬೆಳೆಯುತ್ತದೆ. ಸಾರಜನಕ ಮುಗಿದು ಬೆಳೆಯುವುದು ನಿಂತ ಮೇಲೆ, ಉಳಿದ ಸಕ್ಕರೆ ಎಣ್ಣೆಯನ್ನು ಸೋಫೊರೋಲಿಪಿಡ್ ಮಾಡಲು ತೊಡಗುತ್ತದೆ. ಪಿಎಚ್ ತಾನಾಗಿ 3.5ರ ಹತ್ತಿರಕ್ಕೆ ಇಳಿಯುತ್ತದೆ. ಒಂದು ವಾರದ ಮೇಲೆ ಶೇಕರ್ ನಿಲ್ಲಿಸಿ ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಕಾಣುವುದು ಚೆಂದ. ಮೇಲೆ ಸ್ವಲ್ಪ ಉಳಿದ ಎಣ್ಣೆ, ನಡುವೆ ಯೀಸ್ಟಿನ ಮಬ್ಬು ನೀರು, ಕೆಳಗೆ ಜೋನಿ ಬೆಲ್ಲದ ಹಾಗೆ ಕಂದು ಬಣ್ಣದ ಗಟ್ಟಿ ದ್ರವ ನಿಧಾನಕ್ಕೆ ಇಳಿದು ಕೂರುತ್ತದೆ. ಅದೇ ಸರಕು. ಬೇರೆ ಬಯೋಸರ್ಫ್ಯಾಕ್ಟಂಟ್‌ಗಳನ್ನು ನೀರಿಂದ ಬಿಡಿಸಲು ಒದ್ದಾಡಬೇಕು, ಇದು ತಾನೇ ತಳ ಸೇರುತ್ತದೆ. ಆಮೇಲೆ ಈಥೈಲ್ ಅಸಿಟೇಟ್ ಹಾಕಿ ತೆಗೆದು, ಹೆಕ್ಸೇನಿನಲ್ಲಿ ತೊಳೆದು ಉಳಿದ ಎಣ್ಣೆ ಬಿಡಿಸುತ್ತಾರೆ. ದೊಡ್ಡ ಟ್ಯಾಂಕಿನಲ್ಲಿ ಸಕ್ಕರೆ ಎಣ್ಣೆ ಸ್ವಲ್ಪ ಸ್ವಲ್ಪ ಉಣಿಸುತ್ತಾ ಹೋದರೆ ಲೀಟರಿಗೆ 300 ಗ್ರಾಂಗೂ ಮೀರಿ ಬಂದ ವರದಿಗಳಿವೆ. ಸೂಕ್ಷ್ಮಜೀವಿ ಸರಕಿಗೆ ಇದು ಬಹಳ ದೊಡ್ಡ ಇಳುವರಿ. ಇನ್ನೊಂದು ಅನುಕೂಲ, ಈ ಯೀಸ್ಟ್ ರೋಗ ತರುವ ಜಾತಿ ಅಲ್ಲ. ರಾಮ್ನೊಲಿಪಿಡ್ ಅನ್ನುವ ಇನ್ನೊಂದು ಹೆಸರಾದ ಬಯೋಸರ್ಫ್ಯಾಕ್ಟಂಟ್ ಮಾಡುವ ಸೂಡೊಮೊನಾಸ್ ಎರುಜಿನೋಸಾ ಆಸ್ಪತ್ರೆಯಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾ, ಅದನ್ನು ಟ್ಯಾಂಕುಗಟ್ಟಲೆ ಬೆಳೆಸಲು ಯಾರಿಗಾದರೂ ಹೆದರಿಕೆ ಆಗುತ್ತದೆ.

ಈಗ ಕಷ್ಟದ ಮಾತು. ಈ ಯೀಸ್ಟಿಗೆ ಬೇಕಾದ್ದು 25ರಿಂದ 30 ಡಿಗ್ರಿ. ನಮ್ಮ ಬೇಸಿಗೆ 40 ದಾಟುತ್ತದೆ, ಟ್ಯಾಂಕ್ ಒಳಗೆ ಯೀಸ್ಟಿನ ಬಿಸಿಯೂ ಸೇರುತ್ತದೆ. ಆದ್ದರಿಂದ ತಂಪು ಮಾಡುವ ಕರೆಂಟಿನ ಖರ್ಚು ಇಲ್ಲಿ ಬೇರೆ ಕಡೆಗಿಂತ ಜಾಸ್ತಿ. ಗಾಳಿಯೂ ಎಡೆಬಿಡದೆ ಊದಬೇಕು, ಕರೆಂಟು ಹೋಗಿ ಗಾಳಿ ನಿಂತರೆ ಇಡೀ ಟ್ಯಾಂಕ್ ಕೈಕೊಡುತ್ತದೆ. ಬೇರೆ ಬ್ಯಾಕ್ಟೀರಿಯಾ ನುಗ್ಗದ ಹಾಗೆ ಎಲ್ಲಾ ಆವಿಯಲ್ಲಿ ಶುದ್ಧ ಮಾಡಬೇಕು. ಇಷ್ಟೆಲ್ಲಾ ಆದ ಮೇಲೆ ಕಿಲೋ ಬೆಲೆ ಪೆಟ್ರೋಲಿಯಂ ಡಿಟರ್ಜೆಂಟಿಗಿಂತ ಹಲವು ಪಟ್ಟು ಆಗುತ್ತದೆ. ಆದ್ದರಿಂದ ಬಟ್ಟೆ ಸೋಪಿನ ಪುಡಿಗೆ ಪೈಪೋಟಿ ಕೊಡಲು ಹೋಗಬಾರದು. ಮುಖ ತೊಳೆಯುವ ದ್ರವ, ಹಣ್ಣು ತರಕಾರಿ ತೊಳೆಯುವ ದ್ರವ, ಬೆಳೆಗೆ ಗಮ್, ಇಂಥ ಕಡೆ ಜನ ಸ್ವಲ್ಪ ಜಾಸ್ತಿ ಕೊಡಲು ತಯಾರಿರುತ್ತಾರೆ.

ನೇರವಾಗಿ ಘಟಕ ಹಾಕಬೇಡಿ ಅಣ್ಣಾ, ಸಾಲ ಮಾಡಿಯಂತೂ ಬೇಡವೇ ಬೇಡ. ಮೊದಲು ನಿಮ್ಮ ಎಣ್ಣೆಯಲ್ಲಿ ಎಷ್ಟು ಬರುತ್ತದೆ, ಯಾವ ರೂಪ ಬರುತ್ತದೆ ಅಂತ ಸಣ್ಣದಾಗಿ ನೋಡಬೇಕು. ಯೀಸ್ಟ್ ತಳಿ ಚಂಡೀಗಢದಲ್ಲಿ ಸೂಕ್ಷ್ಮಜೀವಿ ತಳಿಗಳನ್ನು ಕಾಪಾಡಿಡುವ ಎಂಟಿಸಿಸಿ ಸಂಗ್ರಹದಲ್ಲಿ ಸಂಸ್ಥೆಗಳ ಮೂಲಕ ಸಿಗುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನಮ್ಮ ಮನೆ ಬಾಗಿಲಲ್ಲೇ ಇದೆ. ಗಿರಣಿಯವರು ಎಣ್ಣೆ ಕೊಟ್ಟು, ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಿದರೆ ಇಬ್ಬರಿಗೂ ಲಾಭ.

ರಾಯಚೂರು ಕೆಮಿಸ್ಟ್ರಿ ಮೇಷ್ಟ್ರು:

ಪ್ರಾಜೆಕ್ಟ್ ಮಾಡುವವರಿಗೆ ಒಂದು ಎಚ್ಚರಿಕೆ ಬೇಕಲ್ವಾ ಮೇಡಂ? ನಮ್ಮ ಮಕ್ಕಳು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಜೆಲ್ಲಿಯ ಪ್ಲೇಟಿನಲ್ಲಿ ತೂತು ಮಾಡಿ ದ್ರವ ಹಾಕಿ, ಸುತ್ತ ಎಷ್ಟು ಅಗಲ ಬ್ಯಾಕ್ಟೀರಿಯಾ ಬೆಳೆದಿಲ್ಲ ಅಂತ ಅಳೆದು ವರದಿ ಬರೆಯುತ್ತಾರೆ.

ಸಿಂಧನೂರು ಸೂಕ್ಷ್ಮಜೀವಿ:

ಬೇಕೇ ಬೇಕು ಸರ್. ಲ್ಯಾಕ್ಟೋನ್ ರೂಪ ನೀರಲ್ಲಿ ಕರಗುವುದೇ ಕಷ್ಟ, ಅಗರ್ ಒಳಗೆ ದೂರ ಹರಡಲ್ಲ. ಸುತ್ತಳತೆ ಚಿಕ್ಕದು ಬಂದರೆ ಶಕ್ತಿ ಇಲ್ಲ ಅಂತ ತಪ್ಪು ತಿಳಿಯುತ್ತಾರೆ. ಕರಗಿಸಲು ಆಲ್ಕೋಹಾಲ್ ಅಥವಾ ಡಿಎಂಎಸ್‌ಒ ಅನ್ನುವ ದ್ರಾವಕ ಹಾಕಿದರೆ ಅದೇ ಬ್ಯಾಕ್ಟೀರಿಯಾ ಕೊಂದಿರಬಹುದು, ಬರೀ ದ್ರಾವಕ ಹಾಕಿದ ಪ್ಲೇಟು ಪಕ್ಕದಲ್ಲಿ ಇಲ್ಲದಿದ್ದರೆ ಫಲಿತಾಂಶಕ್ಕೆ ಬೆಲೆ ಇಲ್ಲ. ದ್ರವ ಮಾಧ್ಯಮದಲ್ಲಿ ಹಂತ ಹಂತವಾಗಿ ತೆಳು ಮಾಡಿ ನೋಡಲಿ. ಆಮೇಲೆ ಅದರಿಂದ ಒಂದು ಹನಿ ತೆಗೆದು ಹೊಸ ಪ್ಲೇಟಿಗೆ ಹಾಕಿ, ಬ್ಯಾಕ್ಟೀರಿಯಾ ಸತ್ತಿದೆಯೋ ಅಥವಾ ಬೆಳೆಯುವುದು ಮಾತ್ರ ನಿಂತಿತ್ತೋ ಅಂತಲೂ ನೋಡಲಿ. ಎರಡೂ ಬೇರೆ ಬೇರೆ.

ಕಾರಟಗಿ ತೌಡಿನೆಣ್ಣೆ:

ಅರ್ಥ ಆಯಿತು. ಸಾಲ ಮಾಡಲ್ಲ. ಎಣ್ಣೆ ಕೊಡಲು ನಾನು ತಯಾರಿದ್ದೇನೆ. ಎಂಥದ್ದು ಬೇಕು ಹೇಳಿ, ಹೊಸದೋ ಹುಳಿ ಏರಿದ್ದೋ?

ಸಿಂಧನೂರು ಸೂಕ್ಷ್ಮಜೀವಿ:

ಎರಡೂ ಬೇಕು ಅಣ್ಣಾ. ಅಕ್ಕಿ ಗಿರಣಿಯಿಂದ ಬಂದ ದಿನವೇ ತೆಗೆದ ತೌಡಿನ ಎಣ್ಣೆ ಒಂದು ಬಾಟಲಿ, ಬಿದ್ದು ಹಳೆಯದಾದ ತೌಡಿನದು ಒಂದು ಬಾಟಲಿ. ಎರಡೂ ರಿಫೈನ್ ಮಾಡುವ ಮೊದಲಿನದು ಇರಲಿ. ಬಾಟಲಿ ಗಾಜಿನದಾಗಲಿ, ಕುತ್ತಿಗೆವರೆಗೆ ತುಂಬಿ, ಬಿಸಿಲಿಗೆ ಇಡಬೇಡಿ. ಭತ್ತ ಯಾವ ತಳಿ, ಹಸಿ ಅಕ್ಕಿಯ ತೌಡೋ ಕುಚ್ಚಲಕ್ಕಿಯದೋ, ತೌಡು ಬಂದ ದಿನ, ಎಣ್ಣೆ ತೆಗೆದ ದಿನ, ಇಷ್ಟು ಚೀಟಿಯಲ್ಲಿ ಬರೆದು ಅಂಟಿಸಿ. ಮಿಲ್ಲಿನಲ್ಲಿ ಹುಳಿ ಎಷ್ಟು ಅಂತ ಅಳೆದಿದ್ದರೆ ಅದೂ ಬರೆಯಿರಿ. ಗ್ರಾಂ ಪಾಸಿಟಿವ್ ಒಂದು, ಗ್ರಾಂ ನೆಗೆಟಿವ್ ಒಂದು, ಮೆಣಸಿನಕಾಯಿಯ ಹಣ್ಣು ಕೊಳೆ ಶಿಲೀಂಧ್ರ ಒಂದು, ಮೂರರ ಮೇಲೂ ನೋಡುವ ಹಾಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳುತ್ತೇನೆ. ಸಿರುಗುಪ್ಪದ ಅಣ್ಣಾ, ಹಣ್ಣು ಕೊಳೆ ಹತ್ತಿದ ಕಾಯಿ ಸಿಕ್ಕರೆ ಕಾಗದದ ಕವರಿನಲ್ಲಿ ಹಾಕಿಡಿ, ಪ್ಲಾಸ್ಟಿಕ್ ಬೇಡ, ಬೆವರಿ ಬೇರೆ ಬೂಷ್ಟು ಬರುತ್ತದೆ.

ಸಿರುಗುಪ್ಪ ಮೆಣಸಿನಕಾಯಿ:

ಈಗ ಗಿಡದಲ್ಲಿ ಹೂವು ಅಕ್ಕ. ಕಾಯಿ ಹಣ್ಣಾಗುವ ಹೊತ್ತಿಗೆ ಕೊಳೆ ಕಂಡರೆ ಫೋಟೋ ಇಲ್ಲೇ ಹಾಕುತ್ತೇನೆ, ಕಾಯಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.